ಲಾಗಿನಲ್ಲಿ ಬೆಳಗ್ಗೆ ಆರು ಹನ್ನೆರಡು

ಉಡುಪಿಯ ಕಲ್ಸಂಕದ ಹತ್ತಿರ ಒಂದು ಕ್ರೆಡಿಟ್ ಸೊಸೈಟಿ ಉಂಟು, ಹೆಸರು ಬೇಡ. ಅಲ್ಲಿಯ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಮೂಲೆಯಲ್ಲಿ ಒಂದು ಲಿನಕ್ಸ್ ಯಂತ್ರ, ಸಾಂಬಾ ಮೂಲಕ ಕೌಂಟರಿನ ವಿಂಡೋಸ್ ಕಂಪ್ಯೂಟರುಗಳಿಗೆ ಫೋಲ್ಡರ್ ಹಂಚಿಕೆ, ರಾತ್ರಿ ಬ್ಯಾಕಪ್. ವರ್ಷವಿಡೀ ನನ್ನ ನೆನಪು ಯಾರಿಗೂ ಆಗುವುದಿಲ್ಲ. ಲೆಕ್ಕಪರಿಶೋಧಕರು ಬರುವ ಹೊತ್ತಿಗೆ ಮಾತ್ರ ಫೋನ್ ಬರುತ್ತದೆ.

ಈ ಮಳೆಗಾಲದಲ್ಲೂ ಬಂತು. "ಸಾಲದ ಫೋಲ್ಡರೇ ಇಲ್ಲ ಮಾರಾಯ್ರೆ. ಯಾರೋ ಡಿಲೀಟ್ ಮಾಡಿದ್ದಾರೆ," ಅಂದರು ಮ್ಯಾನೇಜರ್. ಬ್ಯಾಕಪ್‌ನಿಂದ ಇಲ್ಲಿಂದಲೇ ತಂದು ಹಾಕ್ತೇನೆ, ಹತ್ತು ನಿಮಿಷ ಕೊಡಿ ಅಂದೆ. ಅಷ್ಟು ಸಾಕಾಗದಂತೆ. ಯಾರು ಅಂತ ಗೊತ್ತಾಗಬೇಕಂತೆ, ಆಡಳಿತ ಮಂಡಳಿಗೆ ಉತ್ತರ ಕೊಡಬೇಕಂತೆ. ಹಾಗಾಗಿ ಮಂಗಳೂರಿನ ಲಾಲ್‌ಬಾಗಿನಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿ, ಒದ್ದೆ ಕೊಡೆಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಹೊರಟೆ.

ಆ ಸರ್ವರಿನಲ್ಲಿ ಆಡಿಟ್‌ಡಿ ಎಂಬ, ನಡೆದದ್ದನ್ನು ಬರೆದಿಡುವ ತಂತ್ರಾಂಶ ಹಾಕಿಟ್ಟಿದ್ದೆ. ಕಡತಗಳ ಫೋಲ್ಡರಿಗೆ ಒಂದು ಕಾವಲು ನಿಯಮ: ಅದರೊಳಗೆ ಯಾರೇ ಬರೆದರೂ, ಅಳಿಸಿದರೂ, ಹೆಸರು ಬದಲಿಸಿದರೂ ಲಿನಕ್ಸಿನ ತಿರುಳಾದ ಕರ್ನೆಲ್ ಗುರುತು ಹಾಕಿಕೊಳ್ಳುತ್ತದೆ. ಬಂದಂತೆ ಬಿಟ್ಟರೆ ಇದರ ಲಾಗ್, ಅಂದರೆ ಈ ಗುರುತುಗಳ ದಾಖಲೆ, ಒಂದೊಂದು ಎಂಟು ಎಂಬಿಯ ಐದು ಫೈಲುಗಳಿಗೆ ಮುಗಿಯುತ್ತದೆ, ಮತ್ತೆ ಹಳೆಯದರ ಮೇಲೆ ಹೊಸದು. ದಿನವಿಡೀ ಎಕ್ಸೆಲ್ ಬಡಿಯುವ ಕಚೇರಿಯಲ್ಲಿ ನಲ್ವತ್ತು ಎಂಬಿ ಎಷ್ಟು ದಿನ ಬಂದೀತು? ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿದ ಮೇಲೆ ನಾನು ಎಲ್ಲ ಕಡೆ ಈ ಮಿತಿ ಏರಿಸಿದ್ದೇನೆ. ಹಾಗಾಗಿ ಬೇಕಾದ ವಾರ ಅಲ್ಲಿ ಇತ್ತು.

ಇತ್ತು ಅಂದ ಮಾತ್ರಕ್ಕೆ ಓದಲು ಬರುತ್ತದೆ ಅಂತಲ್ಲ. ಆಡಿಟ್ ಲಾಗನ್ನು ಹಾಗೇ ತೆರೆದರೆ ಕಣ್ಣಿಗೆ ಕತ್ತಲೆ. ಒಂದು ಘಟನೆಗೆ ಐದಾರು ಸಾಲು, ಸಮಯವೆಂದರೆ 1970ರ ಜನವರಿ ಒಂದರಿಂದ ಎಣಿಸಿದ ಸೆಕೆಂಡುಗಳು. ಮ್ಯಾನೇಜರ್ ನನ್ನ ಹಿಂದೆ ಕುರ್ಚಿ ಎಳೆದು ಕೂತು, "ಅದರಲ್ಲಿ ಹೆಸರು ಎಲ್ಲಿ ಉಂಟು?" ಅಂತ ಕೇಳುತ್ತಲೇ ಇದ್ದರು. ಪಕ್ಕದ ಹೋಟೆಲಿನಿಂದ ಚಾ, ಗೋಳಿಬಜೆ ಬಂತು. ಕೀಬೋರ್ಡಿಗೆ ಎಣ್ಣೆ ತಾಗದ ಹಾಗೆ ಎಡಗೈಯಲ್ಲಿ ತಿನ್ನುತ್ತಾ ಬಲಗೈಯಲ್ಲಿ ಟೈಪ್ ಮಾಡಿದೆ.

ಇದಕ್ಕೆಂದೇ ಇರುವ ಸಾಧನ ಎಯುಸರ್ಚ್. ಎಲ್ಲಿಂದ ಎಲ್ಲಿಯವರೆಗೆ, ಯಾವ ನಿಯಮದ ಕೀ (ಗುರುತಿನ ಹೆಸರು), ಯಾವ ಸಿಸ್ಟಮ್ ಕಾಲ್ (ಅಳಿಸು, ಹೆಸರು ಬದಲಿಸು ಎಂದು ಪ್ರೋಗ್ರಾಮು ಕರ್ನೆಲಿಗೆ ಮಾಡುವ ಕೋರಿಕೆ), ಯಾವ ಬಳಕೆದಾರ ಎಂದು ಹೇಳಿದರೆ ಅಷ್ಟನ್ನೇ ಸೋಸಿ ಕೊಡುತ್ತದೆ. ಮೊದಲು ಅಳಿಸುವ ಕಾಲ್‌ಗಳನ್ನು ಕೇಳಿದೆ. ಕೌಂಟರಿನವರು ಉಳಿಸಿದಾಗ ಹುಟ್ಟಿ ಸಾಯುವ ತಾತ್ಕಾಲಿಕ ಫೈಲುಗಳು ರಾಶಿ ಬಿದ್ದವು. ಸಾಲದ ಫೋಲ್ಡರಿನ ಒಂದು ಕಾಗದವೂ ಅದರಲ್ಲಿ ಕಾಣಲಿಲ್ಲ.

ಕಾಣದೆ ಇರಲು ಇನ್ನೊಂದು ಕಾರಣವೂ ಇರಬಹುದಿತ್ತು. ಆ ಫೋಲ್ಡರಿನ ಹೆಸರು ಕನ್ನಡದಲ್ಲಿ ಉಂಟು, "ಸಾಲ ಕಡತ" ಅಂತ. ಕರ್ನೆಲ್ ಆಡಿಟ್ ಲಾಗಿಗೆ, ಬರೀ ಇಂಗ್ಲಿಷ್ ಅಕ್ಷರದ ಹೆಸರಾದರೆ ಉದ್ಧರಣ ಚಿಹ್ನೆಯೊಳಗೆ ಹಾಗೇ ಬರೆಯುತ್ತದೆ. ನಡುವೆ ಒಂದು ಖಾಲಿ ಜಾಗ ಇದ್ದರೂ, ಕನ್ನಡದ ಒಂದು ಅಕ್ಷರ ಇದ್ದರೂ ಇಡೀ ಹೆಸರನ್ನು ಹೆಕ್ಸ್ ಅಂಕಿಗಳಾಗಿ, ಅಂದರೆ 0ಯಿಂದ 9 ಮತ್ತು ಎಯಿಂದ ಎಫ್ ವರೆಗಿನ ಗುರುತುಗಳಾಗಿ, ಇಳಿಸಿಬಿಡುತ್ತದೆ. "ಸ" ಎಂಬ ಒಂದೇ ಅಕ್ಷರ ಅಲ್ಲಿ ಇ0ಬಿ2ಬಿ8. ಅದರ ದೀರ್ಘಕ್ಕೆ ಬೇರೆ ಆರು ಅಂಕಿ. "ಸಾಲ ಕಡತ" ಪೂರ್ತಿಯಾಗಿ 38 ಅಂಕಿಗಳ ಬಾಲ. ಲಾಗ್ ಫೈಲಿನ ಮೇಲೆ ನೇರ ಗ್ರೆಪ್ ಎಂಬ ಹುಡುಕುವ ಆಜ್ಞೆ ಓಡಿಸಿ ಕನ್ನಡದಲ್ಲಿ ಹುಡುಕಿದರೆ ಏನೂ ಸಿಕ್ಕುವುದಿಲ್ಲ, ಅಲ್ಲಿ ಕನ್ನಡವೇ ಇಲ್ಲವಲ್ಲ. ಎಯುಸರ್ಚಿಗೆ "-ಐ" ಕೊಟ್ಟರೆ ಅದು ಅಂಕಿಗಳನ್ನು ಬಿಡಿಸಿ ಅಕ್ಷರ ಮಾಡುತ್ತದೆ. ಆಮೇಲೆ ಗ್ರೆಪ್‌ಗೆ ಕೊಡಬೇಕು. ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಕಡಿಮೆ, ಇಟ್ಟವರ ಕಚೇರಿಯಲ್ಲಿ ಲಾಗ್ ನೋಡುವವರು ಇನ್ನೂ ಕಡಿಮೆ. ಹಾಗಾಗಿ ಈ ವಿಷಯ ಎಲ್ಲೂ ಬರೆದದ್ದು ನಾನು ನೋಡಿಲ್ಲ.

ಒಂದು ಜಾಗದಿಂದ ಇನ್ನೊಂದಕ್ಕೆ ಸರಿಸುವುದೂ ಲಿನಕ್ಸಿಗೆ ಹೆಸರು ಬದಲಿಸಿದ ಹಾಗೆಯೇ. ಈ ಸಲ ಹೆಸರು ಬದಲಿಸುವ ಕಾಲ್‌ಗಳನ್ನು ಕೇಳಿ, ಬಿಡಿಸಿ, ಸೋಸಿದೆ. ಒಂದೇ ಒಂದು ಘಟನೆ ನಿಂತಿತು. ಟರ್ಮಿನಲ್ಲಿನಲ್ಲಿ ಕಾಗುಣಿತ ಅಲ್ಲಲ್ಲಿ ಕಳಚಿಕೊಂಡಿದ್ದರೂ ಓದಲು ತೊಂದರೆ ಇರಲಿಲ್ಲ. ಒಂದು ಸಾಲಿನಲ್ಲಿ ಹಳೆಯ ಜಾಗ, ಡಿಲೀಟ್ ಎಂಬ ಗುರುತು. ಮುಂದಿನ ಸಾಲಿನಲ್ಲಿ ಹೊಸ ಜಾಗ, ಕ್ರಿಯೇಟ್ ಎಂಬ ಗುರುತು. ಎರಡಕ್ಕೂ ಐನೋಡ್ ಸಂಖ್ಯೆ (ಡಿಸ್ಕಿನಲ್ಲಿ ಫೋಲ್ಡರಿನ ಗುರುತಿನ ಸಂಖ್ಯೆ) ಒಂದೇ. ಅಂದರೆ ಫೋಲ್ಡರ್ ಅಳಿದಿಲ್ಲ, ಬಿಡಾರ ಬದಲಿಸಿದೆ. ಅಕಾರಾದಿಯಲ್ಲಿ ಅದರ ಮೇಲುಗಡೆಯೇ "ಸಭೆ ನಡಾವಳಿ" ಎಂಬ ಫೋಲ್ಡರ್ ಉಂಟು. ಯಾರದೋ ಮೌಸ್ ಜಾರಿ "ಸಾಲ ಕಡತ" ಅದರ ಹೊಟ್ಟೆಯೊಳಗೆ ಬಿದ್ದಿತ್ತು.

ಅಷ್ಟರಲ್ಲಿ ಮ್ಯಾನೇಜರ್ ಕಣ್ಣು ಸಮಯದ ಮೇಲೆ ಬಿತ್ತು. 06:12.

"ಬೆಳಗ್ಗೆ ಆರು ಗಂಟೆಗಾ? ಆ ಹೊತ್ತಿಗೆ ಶಟರ್ ತೆಗೆಯುವುದು ಒಬ್ಬನೇ."

ಒಬ್ಬನೇ ಅಂದರೆ ಅಟೆಂಡರ್. ಕಸ ಗುಡಿಸಿ, ದೇವರ ಫೋಟೋಗೆ ಹೂ ಇಟ್ಟು, ಒಂಬತ್ತಕ್ಕೆ ಮನೆಗೆ ಹೋಗಿ ಮತ್ತೆ ಬರುವ ಮನುಷ್ಯ. ಆಗ ಬಾಗಿಲ ಹತ್ತಿರವೇ ಚಾ ಗ್ಲಾಸುಗಳನ್ನು ತಟ್ಟೆಗೆ ಸೇರಿಸುತ್ತಿದ್ದರು. ಮಾತು ಕೇಳಿ ಕೈ ನಿಲ್ಲಿಸಿದರು. "ನಾನು ಕಂಪ್ಯೂಟರ್ ಒರೆಸುದು ಮಾತ್ರ ಸರ್. ಸ್ವಿಚ್ ಮುಟ್ಟುದಿಲ್ಲ."

"ಒರೆಸುವಾಗ ಮೌಸ್ ಅಲ್ಲಾಡಿರ್ಬಹುದಲ್ಲ?" ಮ್ಯಾನೇಜರಿಗೆ ಉತ್ತರ ಸಿಕ್ಕಿಯಾಗಿತ್ತು. ಮಂಡಳಿಗೆ ಹೇಳಲು ಅನುಕೂಲದ ಉತ್ತರ ಬೇರೆ.

ನಾನು ಡೇಟ್ ಅಂತ ಟೈಪ್ ಮಾಡಿ ಪರದೆಯನ್ನು ಅವರ ಕಡೆ ತಿರುಗಿಸಿದೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ, ಸರ್ವರಿನಲ್ಲಿ ಏಳು. ಆ ಯಂತ್ರವನ್ನು ಮೊದಲು ಕೂರಿಸಿದವರು ಗಡಿಯಾರವನ್ನು ಯುಟಿಸಿಯಲ್ಲೇ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲೇ, ಬಿಟ್ಟಿದ್ದರು. ನನಗೆ ಅದು ಗೊತ್ತಿತ್ತು, ಅವರಿಗೆ ಗೊತ್ತಾಗುವ ಪ್ರಮೇಯವೇ ಬಂದಿರಲಿಲ್ಲ. ಆಜ್ಞೆಯ ಮೊದಲಿಗೆ ಟಿಜೆಡ್ (ಸಮಯ ವಲಯ) ಎಂದು ಕೋಲ್ಕತಾ ಸಮಯ, ಅಂದರೆ ಭಾರತದ ಸಮಯ, ಸೇರಿಸಿ ಅದೇ ಹುಡುಕಾಟ ಮತ್ತೆ ಓಡಿಸಿದೆ. ಈಗ 11:42. ಪಿಗ್ಮಿಯವರು ಹಣ ಕಟ್ಟಲು ಸಾಲು ನಿಂತು ಇಡೀ ಕಚೇರಿ ಗಿಜಿಗುಡುವ ಹೊತ್ತು.

"ಓ, ಹಾಗಾ," ಅಂದರು ಮ್ಯಾನೇಜರ್. ಅಟೆಂಡರ್ ಕಡೆ ತಿರುಗಿ ಏನೂ ಹೇಳಲಿಲ್ಲ. ಹೇಳಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಇನ್ನು ಯಾರು ಎಂಬ ಪ್ರಶ್ನೆ. ಲಿನಕ್ಸಿನಲ್ಲಿ ನೇರ ಲಾಗಿನ್ ಆದವರಿಗೆ ಎಯುಐಡಿ ಎಂಬ ಗುರುತು ಅಂಟುತ್ತದೆ. ಆಮೇಲೆ ಅವರು ಸುಡೋ ಆಜ್ಞೆ ಹಾಕಿ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆದರೂ ಆ ಗುರುತು ಹೋಗುವುದಿಲ್ಲ. ಬಹಳ ಉಪಯೋಗದ ಸಂಗತಿ, ಆದರೆ ಇಲ್ಲಿ ಅದರ ಬೆಲೆ 4294967295 ಎಂದಿತ್ತು. ಯಾರೂ ಲಾಗಿನ್ ಆಗಿಲ್ಲ ಎಂದು ಅದರರ್ಥ. ಕೆಲಸ ಮಾಡಿದ್ದು ಯಂತ್ರದ ಜೊತೆಗೇ ಎದ್ದ ಸಾಂಬಾ ಸೇವೆ. ಅದು ಯಾರ ಪರವಾಗಿ ಮಾಡಿತು ಎಂಬುದು ಇಯುಐಡಿಯಲ್ಲಿ ಸಿಗುತ್ತದೆ. ನೋಡಿದೆ. "ಕೌಂಟರ್" ಅಂತ ಇತ್ತು.

"ಕೌಂಟರ್ ಅಂದ್ರೆ ಯಾರು?"

"ನೀವೇ ಹೇಳಿ. ಆ ಹೆಸರಲ್ಲಿ ಎಷ್ಟು ಜನ ಕೂರ್ತಾರೆ?"

ಎಲ್ಲರೂ. ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಮ್ಯಾನೇಜರ್ ಕ್ಯಾಬಿನ್ನಿನ ಕಂಪ್ಯೂಟರೂ ಸೇರಿ. ಹನ್ನೊಂದು ನಲ್ವತ್ತೆರಡಕ್ಕೆ ಮೌಸ್ ಯಾರ ಕೈಯಲ್ಲಿ ಇತ್ತು ಎಂದು ಈ ಲಾಗಿನಿಂದ ಸೋಸಿ ತೆಗೆಯಲು ಯಾರಿಗೂ ಆಗುವುದಿಲ್ಲ. ಹಾಗಂತಲೇ ಹೇಳಿದೆ. ತಮ್ಮ ಕಂಪ್ಯೂಟರಿನ ಹೆಸರೂ ಪಟ್ಟಿಯಲ್ಲಿ ಬಂದ ಮೇಲೆ ಮಂಡಳಿಗೆ ಹೆಸರು ಕೊಡುವ ಅವಸರ ಅವರಿಗೂ ಕಡಿಮೆಯಾಯಿತು. "ಆಕಸ್ಮಿಕವಾಗಿ ಸ್ಥಳಾಂತರ" ಎಂದು ಬರೆದುಕೊಂಡರು.

ಫೋಲ್ಡರನ್ನು ಅದರ ಜಾಗಕ್ಕೆ ತಂದೆ. ಸರ್ವರಿನ ಗಡಿಯಾರವನ್ನು ಭಾರತದ ಸಮಯಕ್ಕೆ ತಿರುಗಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಮಾಡುವ ಮಾತು ಬಂದಾಗ ಕೌಂಟರಿನ ಅಕ್ಕ ಒಬ್ಬರು, "ನಮಗೆ ನೆನಪಿರುದಿಲ್ಲ ಮಾರಾಯ್ರೆ, ಮತ್ತೆ ನಿಮಗೇ ಫೋನ್ ಮಾಡ್ತೇವೆ," ಅಂದರು. ಮಾಡಿ ಅಂದೆ. ಎಲ್ಲರ ಹೆಸರಿನಲ್ಲೂ ಖಾತೆ ತೆರೆದು, ಹಿಂದಿನ ದಿನ ಜಾಗ ಬದಲಿಸಿದ ಫೋಲ್ಡರುಗಳ ಪಟ್ಟಿ ಬೆಳಗ್ಗೆ ಮ್ಯಾನೇಜರಿಗೆ ಮೇಲ್ ಹೋಗುವಂತೆ ಕ್ರಾನಿನಲ್ಲಿ, ಅಂದರೆ ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸುವ ವ್ಯವಸ್ಥೆಯಲ್ಲಿ, ಬರೆದಿಟ್ಟೆ. ಕ್ರಾನಿನಲ್ಲಿ ಎಯುಸರ್ಚ್ ಓಡಿಸುವವರು "--ಇನ್‌ಪುಟ್-ಲಾಗ್ಸ್" ಸೇರಿಸಬೇಕು. ಇಲ್ಲದಿದ್ದರೆ ಅದು ಲಾಗ್ ಫೈಲು ಬಿಟ್ಟು ಪೈಪಿನಿಂದ (ಬೇರೆ ಪ್ರೋಗ್ರಾಮಿನಿಂದ) ಏನಾದರೂ ಬಂದೀತೆಂದು ನೋಡುತ್ತದೆ, ಮೇಲ್ ಖಾಲಿ ಹೋಗುತ್ತದೆ.

ಮರುದಿನ ಬೆಳಗ್ಗೆ ಫೋನ್. "ನಿಮ್ಮ ಮೇಲ್ ಬಂತು. ಒಂದೇ ಸಾಲು ಉಂಟು, ಅದರಲ್ಲಿ ನಿಮ್ಮದೇ ಹೆಸರು. ಎಂತ ಮಾಡಿದ್ರಿ?"

ಫೋಲ್ಡರ್ ವಾಪಸ್ ಇಟ್ಟದ್ದು ನಾನೇ ತಾನೆ ಅಂದೆ.