ಮೈ ಹಳೇದು, ಮೆಷಿನ್ ಹೊಸದು: ನನ್ನ 1966ರ ಮಸ್ಟಾಂಗ್ ಮಾರಿದ್ದು

ಕೊನೆಗೂ ನನ್ನ ಫೋರ್ಡ್ ಮಸ್ಟಾಂಗ್ ಕಾರು ಮಾರಿಹೋಯಿತು. ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಗೆಳೆಯರೆಲ್ಲ ಕೇಳುವುದು ಒಂದೇ ಪ್ರಶ್ನೆ, "ಹಾಕಿದ ದುಡ್ಡು ವಾಪಸ್ ಬಂತಾ ಗುರೂ?" ಇಲ್ಲ, ಬರಲಿಲ್ಲ. ಹಳೇ ಕಾರಿಗೆ ಹೊಸ ಬ್ರೇಕು, ಹೊಸ ಗೇರ್‌ಬಾಕ್ಸ್ ಕೂರಿಸಿದವರಿಗೆ ಲಾಭ ಸಿಗುವುದು ಅಪರೂಪ, ಕೂಪೆ (ಡಿಕ್ಕಿ ಬೇರೆಯಾಗಿ ಕಾಣುವ, ಎರಡು ಬಾಗಿಲಿನ ಸಾದಾ ಮಾದರಿ) ಆದರಂತೂ ಆಸೆಯನ್ನೇ ಬಿಡಬೇಕು. ಅದೇ ವರ್ಷದ, ಚಾವಣಿ ಹಿಂದಕ್ಕೆ ಇಳಿಜಾರಾಗಿ ಇಳಿಯುವ ಫಾಸ್ಟ್‌ಬ್ಯಾಕ್ ಆಗಿದ್ದರೆ ಜನ ಕಣ್ಣುಮುಚ್ಚಿ ಜಾಸ್ತಿ ಕೊಡುತ್ತಾರೆ. ಕೂಪೆಗಳು ಬೇಕಾದಷ್ಟಿವೆ. 1966ರ ಮಾಡೆಲ್‌ನಲ್ಲೇ ಫೋರ್ಡ್ ಆರು ಲಕ್ಷಕ್ಕೂ ಹೆಚ್ಚು ಮಸ್ಟಾಂಗ್ ಮಾಡಿತ್ತು, ಅದರಲ್ಲಿ ಬಹುಪಾಲು ಕೂಪೆಗಳೇ.

ನನ್ನದೂ ಆ ಹಿಂಡಿನಲ್ಲೇ ಒಂದು. ಬಿಳಿ ಬಣ್ಣ, 289 ವಿ8, ಅಂದರೆ 4.7 ಲೀಟರ್ ಎಂಜಿನ್. ವಿಐಎನ್‌ನಲ್ಲಿ, ಅಂದರೆ ಕಾರಿನ ಗುರುತಿನ ಸಂಖ್ಯೆಯಲ್ಲಿ, 6 ಆದಮೇಲೆ ಆರ್ ಅಂತಿದೆ, ಅಂದರೆ ಸ್ಯಾನ್ ಹೋಸೆ ಕಾರ್ಖಾನೆಯ ಗಾಡಿ. ಹೆಸರಷ್ಟೇ ಸ್ಯಾನ್ ಹೋಸೆ, ಕಾರ್ಖಾನೆ ಇದ್ದದ್ದು ಪಕ್ಕದ ಮಿಲ್ಪಿಟಾಸ್‌ನಲ್ಲಿ. 1983ರಲ್ಲಿ ಅದನ್ನು ಮುಚ್ಚಿದರು, ಈಗ ಅಲ್ಲೇ ಗ್ರೇಟ್ ಮಾಲ್ ಇದೆ. ಊರಿಗೆ ಹೊರಡೋ ಮುಂಚೆ ಸೂಟ್‌ಕೇಸ್ ತುಂಬಿಸೋಕೆ ನಾವೆಲ್ಲ ಅಲೆಯುವ ಜಾಗ, ಅಲ್ವಾ? ಈ ಕಾರು ಹುಟ್ಟಿದ್ದು ಅಲ್ಲಿ.

ಇದನ್ನು ಇದ್ದ ಹಾಗೇ ಯಾಕೆ ಇಟ್ಟುಕೊಳ್ಳಲಿಲ್ಲ ಅಂತ ಬೈದವರೂ ಇದ್ದಾರೆ. ಕಂಪನಿಯಿಂದ ಬಂದಾಗ ಇದಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಒಂದೇ ಖಾನೆ. ಎಲ್ಲಾದರೂ ಒಂದು ಪೈಪ್ ಒಡೆದು ಬ್ರೇಕ್ ಆಯಿಲ್ ಸೋರಿತು ಅಂದ್ರೆ ನಾಲ್ಕೂ ಬ್ರೇಕ್ ಒಟ್ಟಿಗೇ ಹೋದವು. ಇಂಥದ್ದನ್ನು ಸಂಜೆ ಐದು ಗಂಟೆಗೆ 880 ಹೆದ್ದಾರಿಯಲ್ಲಿ ಟೆಸ್ಲಾಗಳ ಮಧ್ಯೆ ಓಡಿಸುವ ಧೈರ್ಯ ನನಗಿಲ್ಲ. ಹಾಗಾಗಿ ಎರಡು ಖಾನೆಯ ಮಾಸ್ಟರ್ ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಭುಜದ ಮೇಲೂ ಬರುವ ಸೀಟ್ ಬೆಲ್ಟ್ ಹಾಕಿಸಿದೆ. ಮೂರು ಗೇರಿನ ಆಟೊಮ್ಯಾಟಿಕ್ ತೆಗೆದು ಐದು ಗೇರಿನ ಟಿ-5 ಮ್ಯಾನುಯಲ್ ಗೇರ್‌ಬಾಕ್ಸ್ ಕೂರಿಸಿದೆ, ಕಾರ್ಬುರೇಟರ್ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂತು. ಸೀಸ ಬೆರೆಸಿದ ಪೆಟ್ರೋಲಿನ ಕಾಲದ ಎಂಜಿನ್ ಇದು, ವಾಲ್ವ್ ಸೀಟು ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ, ಹಾಗಾಗಿ ಹೆಡ್ ಬಿಚ್ಚಿದಾಗ ವಾಲ್ವ್ ಸೀಟುಗಳನ್ನೂ ಗಟ್ಟಿಯವಕ್ಕೆ ಬದಲಿಸಿದ್ದಾಯಿತು. ಆದರೆ ಇದ್ಯಾವುದಕ್ಕೂ ಬಾಡಿಯನ್ನು ಒಂದಿಂಚೂ ಕೊಯ್ದಿಲ್ಲ. ಬೇಕಾದರೆ ಎಲ್ಲ ಬಿಚ್ಚಿ ಹಳೇದನ್ನೇ ಹಾಕಬಹುದು.

ಜಾಹೀರಾತಿನ ಮೊದಲ ಸಾಲಲ್ಲೇ ಇದನ್ನೆಲ್ಲ ಬರೆದೆ. ಒರಿಜಿನಲ್ ಬೇಕು ಅನ್ನೋರು ಅಲ್ಲೇ ಬಿಟ್ಟು ಹೋಗಲಿ ಅಂತ. ಇಲ್ಲದಿದ್ದರೆ ಅವರು ಮನೆತನಕ ಬಂದು, ಬಾನೆಟ್ ಎತ್ತಿ, ಮೂಗು ಮುರಿದು, ಅದನ್ನೇ ನೆಪ ಮಾಡಿ ಚೌಕಾಸಿಗೆ ಇಳಿಯುತ್ತಾರೆ. ಫೋಟೋ ವಿಷಯದಲ್ಲೂ ಅಷ್ಟೇ, ಫಳಫಳ ಹೊಳೆಯುವ ಬಾನೆಟ್ಟಿಗಿಂತ ಕಾರಿನ ಅಡಿಯ ಫೋಟೋಗಳಿಗೆ ಬೆಲೆ ಜಾಸ್ತಿ. ಹೆತ್ತವರಿಗೆ ಹೆಗ್ಗಣ ಮುದ್ದು, ಗಿರಾಕಿಗೆ ಬೇಕಾಗಿರೋದು ತುಕ್ಕಿನ ಲೆಕ್ಕ. ಇನ್ನು, ಕಾರನ್ನು ನೋಡದೇನೇ ಪೂರ್ತಿ ದುಡ್ಡಿನ ಚೆಕ್ ಕಳಿಸ್ತೀನಿ, ನಮ್ಮ ಏಜೆಂಟ್ ಬಂದು ಲಾರಿಗೆ ಹಾಕ್ಕೊಂಡು ಹೋಗ್ತಾನೆ ಅನ್ನುವ ಮಹಾನುಭಾವರು ಬಂದೇ ಬರುತ್ತಾರೆ. ಅದು ಮೋಸ, ಉತ್ತರ ಕೊಡಬೇಡಿ.

ಕೊಂಡವರು ಎಪ್ಪತ್ತು ದಾಟಿದ ಅಮೆರಿಕನ್ ಅಜ್ಜ. ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು ಹಿಂದಿನ ಚಕ್ರದ ಸುತ್ತಲಿನ ತಗಡಿನ ಮೇಲೆ ನಿಧಾನ ಆಡಿಸಿದರು. ತುಕ್ಕು ಮುಚ್ಚೋಕೆ ಒಳಗೆ ಲಪ್ಪ (ಪುಟ್ಟಿ) ಮೆತ್ತಿದ್ದರೆ ಅಯಸ್ಕಾಂತ ಅಂಟುವುದಿಲ್ಲ. ಆಮೇಲೆ ಒಂದು ಜಗ್ ನೀರು ಕೇಳಿದರು. ನನ್ನಾಕೆ ಪಾಪ, ಕುಡಿಯೋಕೆ ಅಂದುಕೊಂಡು ಐಸ್ ಹಾಕಿ ತಂದಳು. ಅವರು ಅದನ್ನು ವೈಪರ್ ಹತ್ತಿರದ ಜಾಲರಿಗೆ ಐಸ್ ಸಮೇತ ಸುರಿದು, ಒಳಗೆ ಬಗ್ಗಿ ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ ಟಾರ್ಚ್ ಬಿಟ್ಟು ಕಾದರು. ಈ ಕಾಲದ ಮಸ್ಟಾಂಗ್‌ಗಳ ಖಾಯಿಲೆಯೇ ಅದು, ಜಾಲರಿಯ ಕೆಳಗೆ ತಗಡು ತುಕ್ಕು ತಿಂದು ಮಳೆನೀರು ಸೀದಾ ಕಾಲ ಮೇಲೆ ಸುರಿಯುತ್ತದೆ. ನಮ್ಮದರಲ್ಲಿ ಒಂದು ಹನಿಯೂ ಬೀಳಲಿಲ್ಲ. ಆ ಜಾಗಕ್ಕೆ ನಾನು ಮೊದಲೇ ಮಾಡಿಸಿದ್ದ ಬೆಸುಗೆಯ ರಸೀದಿ, ಫೋಟೋ ಎಲ್ಲ ಫೈಲಿನಲ್ಲಿತ್ತು, ತೋರಿಸಿದೆ. ಟೆಸ್ಟ್ ಡ್ರೈವ್ ಅದಾದಮೇಲೇ.

31,000 ಡಾಲರ್ ಹೇಳಿದ್ದೆ, 28,500ಕ್ಕೆ ಮುಗಿಯಿತು. ಅವರ ಬ್ಯಾಂಕಿಗೇ ಇಬ್ಬರೂ ಹೋಗಿ, ನನ್ನ ಕಣ್ಣೆದುರೇ ಬ್ಯಾಂಕಿನ ಚೆಕ್ ಬರೆಸಿಕೊಂಡೆ. ಕ್ಯಾಲಿಫೋರ್ನಿಯಾದಲ್ಲಿ 1975ರವರೆಗಿನ ಪೆಟ್ರೋಲ್ ಕಾರಿಗೆ ಸ್ಮಾಗ್ ಟೆಸ್ಟ್, ಅಂದರೆ ಹೊಗೆ ತಪಾಸಣೆ, ಇಲ್ಲ, ಅಷ್ಟು ತಲೆನೋವು ಕಮ್ಮಿ. ಆದರೆ ಮಾರಿದ 5 ದಿನದೊಳಗೆ ಡಿಎಂವಿಗೆ (ಇಲ್ಲಿನ ವಾಹನ ನೋಂದಣಿ ಇಲಾಖೆ) ತಿಳಿಸಲೇಬೇಕು. ಸುಮ್ನೆ ಬಿಟ್ಟರೆ ಕೊಂಡವರು ತಪ್ಪು ಜಾಗದಲ್ಲಿ ನಿಲ್ಲಿಸಿದ ದಂಡ ನಿಮ್ಮ ಮನೆಗೆ ಬರುತ್ತದೆ. ನಂಬರ್ ಪ್ಲೇಟ್ ಕಾರಿನ ಜೊತೆಗೇ ಹೋಗುತ್ತದೆ ಇಲ್ಲಿ. ಅರವತ್ತರ ದಶಕದ ಆ ಕಪ್ಪು ಪ್ಲೇಟ್, ಹಳದಿ ಅಕ್ಷರ. ಅದೊಂದನ್ನು ಕೊಡೋಕೆ ಹೊಟ್ಟೆ ಉರಿಯಿತು.

ಬಿಚ್ಚಿಟ್ಟಿದ್ದ ಹಳೇ ಡ್ರಮ್ಮು, ಕಾರ್ಬುರೇಟರ್ ಎಲ್ಲ ಡಿಕ್ಕಿಗೆ ತುಂಬಿದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇನ್ನೂ ನಮ್ಮ ಗ್ಯಾರೇಜಿನಲ್ಲೇ ಇದೆ, ತಮ್ಮ ಮಗನ ಪಿಕಪ್‌ನಲ್ಲಿ ಬಂದು ಒಯ್ಯುತ್ತೇನೆ ಅಂದಿದ್ದಾರೆ ಅಜ್ಜ.