ನಾಲ್ಕಾಣೆ ಬಾಕಿ

ಎರಡಾಣೆ ಮಾಸ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದದ್ದು ಬೆಳಗ್ಗೆ ಆರೂವರೆಗೆ. ಏಳು ಗಂಟೆಯೊಳಗೆ ಇಪ್ಪತ್ತೆರಡು ಜನ ಕೈ ಮುಗಿದ ಚಿತ್ರ ಹಾಕಿದ್ದರು. ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೆ ಬಂದವರು ಒಂಬತ್ತು. ಅಲ್ಲಿ ಎಲೆ ಮುಂದೆ ಕೂತಾಗಲೇ ಯಾರೋ ಹೇಳಿದರು, ಈ ಸಲದ ಕಾಲೇಜು ಸಂಚಿಕೆಗೆ ನೀನು ಬರಿ, ಹೆಚ್ಚು ಪೆಟ್ಟು ತಿಂದವನು ನೀನೇ ಅಲ್ವಾ ಅಂತ. ಪೆಟ್ಟೇನೂ ತಿಂದಿಲ್ಲ. ತಿಂದದ್ದು ಬೇರೆ. ಅದನ್ನು ಆಮೇಲೆ ಹೇಳುತ್ತೇನೆ.

ಆ ಹೆಸರು ಬಂದದ್ದು 1979ರಲ್ಲಿ. ಮೇ 29ರಂದು ಡಾ. ಟಿ.ಎಂ.ಎ. ಪೈ ತೀರಿಕೊಂಡಿದ್ದರು. ನಮಗೆ ಆಗ ರಜೆ. ಜೂನಿನಲ್ಲಿ ಕಾಲೇಜು ಶುರುವಾದ ದಿನ ಹಂಚಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಮೊದಲ ಬೆಂಚಿನವರಿಗೂ ಪಾಠ ಕೇಳಿಸುತ್ತಿರಲಿಲ್ಲ. ಮಾಸ್ಟ್ರು ಕೊಡೆಯನ್ನು ಮೂಲೆಗೆ ಒರಗಿಸಿದರು. ಪಂಚೆಯ ತುದಿ ಹಿಂಡಿದರು. ಬೋರ್ಡಿನ ಮೇಲೆ ಎರಡೇ ಸಾಲು ಬರೆದರು. 8000 ರೂಪಾಯಿ. 2 ಆಣೆ.

‘ಈ ಎರಡರ ನಡುವೆ ಒಂದು ಬ್ಯಾಂಕು ಉಂಟು. ಎಲ್ಲಿ ಹೇಳಿ ನೋಡುವ’ ಅಂದರು. ಯಾರಿಗೂ ಗೊತ್ತಾಗಲಿಲ್ಲ. ಆ ಇಡೀ ಪೀರಿಯಡ್ ಅದೇ ಕತೆ. 1925, ಉಡುಪಿ. ಕೈಮಗ್ಗದ ವ್ಯಾಪಾರ ಬಿದ್ದುಹೋಗಿ ನೇಕಾರರು ಕಂಗಾಲಾಗಿದ್ದ ಕಾಲ. ಮೂರು ಜನ ಸೇರಿದರು. ವ್ಯಾಪಾರಿ ಉಪೇಂದ್ರ ಪೈ, ಅವರ ತಮ್ಮ ಡಾಕ್ಟರು ಮಾಧವ ಪೈ (ಇವರೇ ಟಿ.ಎಂ.ಎ. ಪೈ), ಇಂಜಿನಿಯರ್ ವಾಮನ ಕುಡ್ವ. 8000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುವಾಯಿತು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್. ಬಡವನು ಬ್ಯಾಂಕಿಗೆ ಬರುವುದಿಲ್ಲ, ಬಂದರೂ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ನಿಲ್ಲುತ್ತಾನೆ, ಹಾಗಾಗಿ ಬ್ಯಾಂಕೇ ಅವನ ಜಗಲಿಗೆ ಹೋಗಲಿ ಅಂತ 1928ರಲ್ಲಿ ಪಿಗ್ಮಿ, ಅಂದರೆ ದಿನಾ ಮನೆಗೇ ಬಂದು ಚಿಲ್ಲರೆ ಉಳಿತಾಯ ಕಟ್ಟಿಸಿಕೊಳ್ಳುವ ಠೇವಣಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ‘ನಾಡಿ ಹಿಡಿದು ಅಭ್ಯಾಸ ಇದ್ದವರಿಗೆ ಕಿಸೆಯ ಬಡಿತವೂ ಗೊತ್ತಾಯಿತು, ಅಷ್ಟೇ’ ಎಂದು ನಕ್ಕರು ಮಾಸ್ಟ್ರು. ಅವತ್ತು ಸಂಜೆಯೊಳಗೆ ಅವರು ಎರಡಾಣೆ ಮಾಸ್ಟ್ರಾದರು.

ನನಗೆ ಮಾತ್ರ ಈ ಪಿಗ್ಮಿ ಹೊಸದಲ್ಲ. ನಮ್ಮ ಅಮ್ಮ ಬೀಡಿ ಕಟ್ಟುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಪಿಗ್ಮಿಯವರು ಬರುತ್ತಿದ್ದರು, ಹೆಗಲಿಗೆ ಚೀಲ, ಕಂಕುಳಲ್ಲಿ ಕೊಡೆ. ಅಮ್ಮ ಕೈ ನಿಲ್ಲಿಸುತ್ತಿರಲಿಲ್ಲ. ಮೊರದ ಅಂಚಿನಲ್ಲಿ ಬೀಡಿ ಎಲೆಯ ಅಡಿಗೆ ನಾಣ್ಯ ಇಟ್ಟಿರುತ್ತಿದ್ದರು, ಕಣ್ಣಲ್ಲೇ ತೋರಿಸುತ್ತಿದ್ದರು. ಪಿಗ್ಮಿಯವರು ಎಲೆ ಎತ್ತಿ ನಾಣ್ಯ ತೆಗೆದು ಕಾರ್ಡಿನಲ್ಲಿ ಬರೆಯುತ್ತಿದ್ದರು. ಆ ನಾಣ್ಯಕ್ಕೆ ತಂಬಾಕಿನ ವಾಸನೆ. ನನ್ನ ಕಾಲೇಜು ಫೀಸು ಕಟ್ಟಿದ್ದು ಆ ದುಡ್ಡಿನಿಂದ.

ಪೈಗಳ ಮನೆತನದ ಕತೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಕಲ್ಯಾಣಪುರದಲ್ಲಿ 1898ರಲ್ಲಿ ಹುಟ್ಟಿದ ಹುಡುಗ ಮಾಧವ ಮದ್ರಾಸಿಗೆ ಹೋಗಿ ಡಾಕ್ಟರಾಗಿ ಬಂದು, 1942ರಲ್ಲಿ ಅಕಾಡೆಮಿ ಅನ್ನುವ ಶಿಕ್ಷಣ ಸಂಸ್ಥೆ ಕಟ್ಟಿ, ಮಣಿಪಾಲದ ಮಣ್ಣಪಳ್ಳ ಕೆರೆಯ ಪಕ್ಕದ ಬೋಳು ಗುಡ್ಡದ ಮೇಲೆ 1953ರಲ್ಲಿ ಮೆಡಿಕಲ್ ಕಾಲೇಜು ಶುರುಮಾಡಿದರು. ಗುಡ್ಡದಲ್ಲಿ ದೊಡ್ಡ ಆಸ್ಪತ್ರೆಯೇ ಇರಲಿಲ್ಲ. ರೋಗಿಗಳನ್ನು ನೋಡಿ ಕಲಿಯಲು ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆ. ಈ ಧೈರ್ಯ ನೋಡಿ ಆಗ ಎಷ್ಟು ಜನ ನಕ್ಕಿರಬೇಡ! ಅಣ್ಣ ಉಪೇಂದ್ರ ಪೈಗಳ ಮಗ ಟಿ.ಎ. ಪೈ ಎಲ್‌ಐಸಿ ಅಧ್ಯಕ್ಷರಾಗಿ, ಆಮೇಲೆ ರೈಲ್ವೆ ಮಂತ್ರಿಯೂ ಆದರು. ಮಾಧವ ಪೈಗಳ ಮಗ ಮೋಹನದಾಸ ಪೈ 1970ರಲ್ಲಿ ಉದಯವಾಣಿ ಶುರುಮಾಡಿದರು. ಇನ್ನೊಬ್ಬ ಮಗ ರಾಮದಾಸ ಪೈ ಮಣಿಪಾಲವನ್ನು ವಿಶ್ವವಿದ್ಯಾಲಯದ ಮಟ್ಟಕ್ಕೆ ತಂದರು. ಒಂದೇ ಮನೆಯಿಂದ ಬ್ಯಾಂಕು, ಆಸ್ಪತ್ರೆ, ಕಾಲೇಜು, ಪತ್ರಿಕೆ. ಉಡುಪಿಯವನು ಹುಟ್ಟಿದಂದಿನಿಂದ ಸಾಯುವತನಕ ಒಂದಲ್ಲ ಒಂದು ಕಡೆ ಪೈಗಳ ಬಾಗಿಲು ದಾಟಲೇಬೇಕು.

ಇನ್ನು ನನ್ನ ಕತೆ. ಮಾಸ್ಟ್ರ ಪಾಠದ ಉತ್ಸಾಹದಲ್ಲಿ ನಾವು ಕ್ಲಾಸಿನಲ್ಲೇ ಪಿಗ್ಮಿ ತೆರೆದೆವು. ಡಿಸೆಂಬರಿನಲ್ಲಿ ಆಗುಂಬೆಗೆ ಸೂರ್ಯಾಸ್ತ ನೋಡಲು ಹೋಗುವುದು, ಅದಕ್ಕೆ ದಿನಕ್ಕೆ ನಾಲ್ಕಾಣೆ, ಅಂದರೆ 25 ಪೈಸೆ. 31 ಜನ ಸೇರಿದರು. ಕಲೆಕ್ಟರ್ ನಾನು, ಯಾಕೆಂದರೆ ಲೆಕ್ಕದಲ್ಲಿ ಯಾವಾಗಲೂ ನಾನೇ ಮೊದಲು (ಇದನ್ನು ಮಾಸ್ಟ್ರೂ ಒಪ್ಪಿದ್ದರು). ದಿನಕ್ಕೆ 7 ರೂಪಾಯಿ 75 ಪೈಸೆ. ಅಷ್ಟು ದುಡ್ಡು ನನ್ನ ಕಿಸೆಯಲ್ಲಿ ಹಿಂದೆಂದೂ ಇದ್ದದ್ದಲ್ಲ. ಸಂಜೆ ಡಯಾನಾ ಹೋಟೆಲಿನ ಮುಂದೆ ಹಾದುಹೋಗುವಾಗ ಕಾಲು ತಾನಾಗಿ ನಿಂತಿತು. ಗಡ್‌ಬಡ್ ಐಸ್‌ಕ್ರೀಂ. ಉದ್ದ ಗ್ಲಾಸು, ಅಡಿಯಲ್ಲಿ ಜೆಲ್ಲಿ, ಹಣ್ಣು, ಮೇಲೆ ಬೇರೆ ಬೇರೆ ಬಣ್ಣದ ಐಸ್‌ಕ್ರೀಂ. ನಾನು, ಇನ್ನಿಬ್ಬರು ಗೆಳೆಯರು. ಒಂದು ಸಲ ಅಂದದ್ದು ಐದಾರು ಸಲ ಆಯಿತು.

ತಿಂಗಳಾದ ಮೇಲೆ ಮಾಸ್ಟ್ರು ಸುಮ್ನೆ ನೋಡುವ ಅಂತ ಪುಸ್ತಕ ಕೇಳಿದರು. ಜಮೆ 186 ರೂಪಾಯಿ. ಖರ್ಚು, ಸ್ಟೇಷನರಿ, 38 ರೂಪಾಯಿ 25 ಪೈಸೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು.

‘ಯಾವ ಸ್ಟೇಷನರಿ ಮಾರಾಯ? ಅದರ ಅಡಿಯಲ್ಲಿ ಜೆಲ್ಲಿ ಇತ್ತಾ?’

ಹೋಟೆಲಿನಲ್ಲಿ ಯಾವತ್ತೋ ಹಿಂದಿನ ಮೇಜಿನಲ್ಲೇ ಕೂತು ಕಾಫಿ ಕುಡಿದಿದ್ದರಂತೆ! ಪ್ರಿನ್ಸಿಪಾಲರಿಗೆ ಹೇಳಲಿಲ್ಲ, ಕ್ಲಾಸಿನಲ್ಲೂ ಹೇಳಲಿಲ್ಲ. ತನ್ನ ಕಿಸೆಯಿಂದ 38.25 ತೆಗೆದು ಡಬ್ಬಕ್ಕೆ ಹಾಕಿದರು. ರಟ್ಟಿನ ತುಂಡಿನ ಮೇಲೆ ಸ್ಕೇಲಿಟ್ಟು 153 ಚೌಕ ಗೆರೆ ಎಳೆದರು. ದಿನಕ್ಕೆ ನಾಲ್ಕಾಣೆ, 153 ದಿನ, ಅವರ ಕೈಗೇ ಕೊಡಬೇಕು. ಒಟ್ಟಿಗೆ ಕೊಡುತ್ತೇನೆ ಅಂದೆ. ‘ಒಟ್ಟಿಗೆ ಕೊಟ್ಟರೆ ಅದು ದಂಡ, ದಿನಾ ಕೊಟ್ಟರೆ ಪಿಗ್ಮಿ’ ಅಂದರು. ಭಾನುವಾರವೂ ಬಿಡಲಿಲ್ಲ. ಸೈಕಲಿನಲ್ಲಿ ಮೂರು ಮೈಲಿ ಹೋಗಿ ಕೊಡುತ್ತಿದ್ದೆ. ಅವರ ಮನೆಯವರು ನೀರುದೋಸೆ ಹಾಕುತ್ತಿದ್ದರು. ಆ ನಾಲ್ಕಾಣೆಗೆ ನಾಲ್ಕು ದೋಸೆ ತಿಂದು ಬರುತ್ತಿದ್ದೆ, ಹಾಗೆ ನೋಡಿದರೆ ನಷ್ಟ ಅವರದ್ದೇ.

ಆ ವರ್ಷದ ಸಿಲೆಬಸ್ಸಿನಲ್ಲಿ ಏನಿತ್ತು ಅಂತ ಕೇಳಿದರೆ ನನಗೆ ಒಂದಕ್ಷರ ನೆನಪಿಲ್ಲ. ಆದರೂ ಬ್ಯಾಂಕಿಗೇ ಸೇರಿದೆ, ಮ್ಯಾನೇಜರನಾಗಿ ನಿವೃತ್ತನಾದೆ. ಹೇಳಿಕೊಳ್ಳಬಾರದು, ನಾನಿದ್ದ ಶಾಖೆಯಲ್ಲಿ ಪಿಗ್ಮಿ ಲೆಕ್ಕ ಒಂದು ದಿನವೂ ತಪ್ಪಿದ್ದಿಲ್ಲ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋದಾಗ ಮಾಸ್ಟ್ರಿಗೆ ಫೋನ್ ಮಾಡಿದ್ದೆ. ‘ಬೋರ್ಡು ಹೋದರೆ ಹೋಗಲಿ, ಕಾರ್ಡು ಇಟ್ಟುಕೋ’ ಅಂದಿದ್ದರು.

ಈಗ ಮೊಮ್ಮಗನ ಶಾಲೆಯಲ್ಲಿ ಉಳಿತಾಯದ ಬಗ್ಗೆ ಪ್ರಾಜೆಕ್ಟ್ ಕೊಡುತ್ತಾರೆ. ಅವನು ಪಿಪಿಟಿ ಮಾಡಿದ, ಹಂದಿಮರಿ ಡಬ್ಬದ ಚಿತ್ರ ಹಾಕಿ. ನಾಣ್ಯ ಮುಟ್ಟಿಯೇ ಇಲ್ಲ. ಅವನ ಒಂದು ಕಂತಿನ ಫೀಸಿಗೆ ನನ್ನ ಮೂರು ವರ್ಷದ ಡಿಗ್ರಿ ಎಷ್ಟು ಸಲ ಮುಗಿಯುತ್ತಿತ್ತೋ! ಹೀಗೆ ಬೈಯುವಾಗ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ಮೊತ್ತ ತೆಗೆದುಕೊಂಡು ಮೆಡಿಕಲ್ ಸೀಟು ಕೊಡುವ ಪದ್ಧತಿಗೆ ಮೊದಮೊದಲು ಹೆಸರಾದದ್ದು ನಮ್ಮ ಮಣಿಪಾಲವೇ. ಖಾಸಗಿ ಕಾಲೇಜುಗಳ ಹಕ್ಕಿನ ಬಗ್ಗೆ 2002ರಲ್ಲಿ ಸುಪ್ರೀಂ ಕೋರ್ಟಿನ 11 ಜನ ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿಗೂ ಟಿ.ಎಂ.ಎ. ಪೈ ಫೌಂಡೇಶನ್ ಕೇಸು ಅಂತಲೇ ಹೆಸರು. ಸರ್ಕಾರಕ್ಕೆ ಕೈಯಲ್ಲಾಗದ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಅಂತ ಮಾಸ್ಟ್ರು ವಾದಿಸುತ್ತಿದ್ದರು. ಬೀಡಿ ಕಟ್ಟುವವಳ ಮಗನಿಗೆ ಆ ದಾರಿಯಲ್ಲಿ ಬಾಗಿಲು ಎಲ್ಲಿತ್ತು ಅಂತ ನಾನು. ಎರಡಾಣೆಯೂ ಪೈಗಳದ್ದೇ, ಆ ಮೊತ್ತವೂ ಪೈಗಳದ್ದೇ. ಈ ಜಗಳ ನಲವತ್ತು ವರ್ಷ ನಡೆಯಿತು, ಇಬ್ಬರೂ ಸೋಲಲಿಲ್ಲ.

ಆ 153 ದಿನಗಳ ಕೊನೆಯ ದಿನ, 1980ರ ಜನವರಿಯಲ್ಲಿ, ಕಾರ್ಡು ಎಣಿಸಿದರೆ ಸಹಿ ಇದ್ದದ್ದು 152. ನಾನು ಕೊಟ್ಟಿದ್ದೇನೆ ಅಂದೆ, ಅವರು ಇಲ್ಲ ಅಂದರು. ಬರೆಯದ ದುಡ್ಡು ಕೊಡದ ದುಡ್ಡು ಅಂತ ಇನ್ನೊಂದು ನಾಲ್ಕಾಣೆ ಕಸಿದುಕೊಂಡರು. ಮೊನ್ನೆ ಊಟವಾದ ಮೇಲೆ ಅವರ ಮಗನಿಗೆ ಕಾರ್ಡು ತೋರಿಸಿ ಈ ಲೆಕ್ಕ ಎತ್ತಿದೆ. ಅವನು ನಕ್ಕು ಕಿಸೆಗೆ ಕೈ ಹಾಕಿ ಹತ್ತು ರೂಪಾಯಿ ನೋಟು ಹಿಡಿದ. ಬೇಡ, ನಾಲ್ಕಾಣೆಯೇ ಬೇಕು ಅಂದೆ. 2011ರಲ್ಲೇ ನಾಲ್ಕಾಣೆಯ ಚಲಾವಣೆ ನಿಂತಿದೆಯಲ್ಲ ಮಾಮ, ನೀವು ಬ್ಯಾಂಕಿನಲ್ಲಿದ್ದವರು ಅಂದ. ಕಾರ್ಡು ಮಡಚಿ ಕಿಸೆಗೆ ಹಾಕಿಕೊಂಡು ಬಂದೆ.