ಕೀಲುವಾತ ಇರುವವರ ತೂಕ, ಸೊಂಟದ ಸುತ್ತಳತೆ ಮತ್ತು ಹೃದಯ

'ತೂಕ ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇದೆ, ಮತ್ಯಾಕೆ ಚಿಂತೆ?' ರುಮಟಾಯ್ಡ್ ಆರ್ಥ್ರೈಟಿಸ್ ಇರುವವರ ಮನೆಯಲ್ಲಿ ಈ ಮಾತು ಮಾಮೂಲು. ನಮ್ಮ ದಾವಣಗೆರೆ ಕಡೆ ಕೀಲುವಾತ, ಇಲ್ಲವೇ ಬರೀ ವಾತ ಅಂತ ಕರೆಯುವ ಈ ಕಾಯಿಲೆಯಲ್ಲಿ ತೂಕದ ಮಿಷನ್ನಿನ ಮಾತನ್ನು ಅರ್ಧವೇ ನಂಬಬೇಕು.

ಕೀಲಿನ ಉರಿಯೂತ ಕೀಲಿನಲ್ಲೇ ನಿಲ್ಲುವುದಿಲ್ಲ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಸುತ್ತುತ್ತಾ ರಕ್ತನಾಳದ ಒಳಪದರವನ್ನು ಕೆಡಿಸುತ್ತವೆ, ಮಾಂಸಖಂಡವನ್ನೂ ಕರಗಿಸುತ್ತವೆ. ನೋವಿಗೆ ಓಡಾಟ ಕಮ್ಮಿಯಾಗಿ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ಎರಡು ಕೆಜಿ ಮಾಂಸಖಂಡ ಹೋಗಿ ಎರಡು ಕೆಜಿ ಕೊಬ್ಬು ಬಂದರೆ ಮಿಷನ್ ಅದೇ ಅಂಕಿ ತೋರಿಸುತ್ತದೆ. ರವಿಕೆಯ ತೋಳು ಸಡಿಲ, ಕೆಳಗಿನ ಹುಕ್ಕು ಬಿಗಿ: ಬದಲಾವಣೆ ಮೊದಲು ಗೊತ್ತಾಗುವುದು ಅಲ್ಲಿ.

ಈ ಕಾಯಿಲೆ ಇರುವವರಿಗೆ ಹೃದಯ, ರಕ್ತನಾಳದ ತೊಂದರೆಯ ಸಂಭವ ಬೇರೆಯವರಿಗಿಂತ ಸುಮಾರು ಒಂದೂವರೆ ಪಟ್ಟು. ಅದಕ್ಕೇ ಯುರೋಪಿನ ತಜ್ಞರ ಸಂಘದ ಮಾರ್ಗಸೂಚಿ, ಹೃದಯದ ಅಪಾಯದ ಮಾಮೂಲಿ ಲೆಕ್ಕದಲ್ಲಿ ಬಂದ ಅಂಕಿಯನ್ನು 1.5ರಿಂದ ಗುಣಿಸಲು ಹೇಳುತ್ತದೆ. ಹತ್ತು ವರ್ಷದಲ್ಲಿ ಶೇ 8 ಅಂತ ಬಂದರೆ ಅದನ್ನು ಶೇ 12 ಅಂತ ಓದಬೇಕು.

ಇನ್ನು ಬಿಎಂಐ, ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. 150 ಸೆಂ.ಮೀ. ಎತ್ತರದ ಹೆಂಗಸಿಗೆ 52 ಕೆಜಿ ಎಂದರೆ 23 ಆಗಲೇ ದಾಟಿತು. ಕೊಬ್ಬಿನ ಕೋಶಗಳೂ ಉರಿಯೂತದ ರಾಸಾಯನಿಕ ಸುರಿಸುವುದರಿಂದ ಬೊಜ್ಜಿದ್ದವರಲ್ಲಿ ಮಾತ್ರೆ ಪೂರ್ತಿ ಕೆಲಸ ಮಾಡುವುದೂ ಕಷ್ಟ. ಆದರೆ ಅದೇ ಹೆಂಗಸು 45 ಕೆಜಿಗಿಂತ ಕೆಳಗಿಳಿದರೆ, ಅಂದರೆ ಬಿಎಂಐ 20ಕ್ಕೂ ಕಮ್ಮಿಯಾದರೆ, ಅದೂ ಅಪಾಯವೇ. ಅಮೆರಿಕದ ರಾಚೆಸ್ಟರ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಯಿಲೆ ಶುರುವಾದಾಗಲೇ ಬಿಎಂಐ 20ಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯದ ಕಾರಣದ ಸಾವು, ಕಾಯಿಲೆಯಿಲ್ಲದ ಸರಿ ತೂಕದವರಿಗೆ ಹೋಲಿಸಿದರೆ ಮೂರು ಪಟ್ಟಿಗೂ ಮೀರಿತ್ತು. ಸಣ್ಣಗಾದೆ ಅಂತ ಖುಷಿಪಡುವ ಮೊದಲು ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ನೋಡಿ. ಕಾರಣವಿಲ್ಲದೆ ತೂಕ ಇಳಿದರೆ ಟಿಬಿ, ಥೈರಾಯ್ಡ್ ಪರೀಕ್ಷೆಯೂ ಆಗಬೇಕು.

ಹಾಗಾಗಿ ಟೇಪು ಇಟ್ಟುಕೊಳ್ಳಿ. ಬೆಳಿಗ್ಗೆ ತಿಂಡಿಗೆ ಮುಂಚೆ, ಲಂಗದ ಲಾಡಿ ಸಡಿಲಿಸಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ ಟೇಪು ಸುತ್ತಬೇಕು. ಉಸಿರು ಬಿಟ್ಟಾಗ ಓದಬೇಕು. ಬೆರಳು ಮಡಿಸಲಾಗದವರು ಒಬ್ಬರೇ ಅಳೆದರೆ ಹಿಂದುಗಡೆ ಟೇಪು ಜಾರಿ ಅಂಕಿ ತಪ್ಪುತ್ತದೆ, ಮನೆಯವರ ಕೈಲಿ ಹಿಡಿಸಿ. ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ಮಿತಿ. ಜೊತೆಗೆ ಕುರ್ಚಿ ಪರೀಕ್ಷೆ: ಎರಡೂ ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿರಬಹುದು. ಮಂಡಿ ಊದಿದ ದಿನ ಮಾಡಬೇಡಿ, ಆಗ ತಡವಾಗುವುದು ನೋವಿನಿಂದ.

ಕೊಲೆಸ್ಟ್ರಾಲ್ ಇನ್ನೊಂದು ಮೋಸಗಾರ. ಉರಿಯೂತ ಜೋರಾಗಿದ್ದಾಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ತಾನೇ ಇಳಿಯುತ್ತದೆ, ಅಪಾಯ ಮಾತ್ರ ಏರಿರುತ್ತದೆ. ಔಷಧಿ ಹಿಡಿದು ಊತ ಇಳಿದಾಗ ಎಲ್‌ಡಿಎಲ್ ಸ್ವಲ್ಪ ಮೇಲೇರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಈ ಕಾಯಿಲೆಯ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್ ಬಿಡುವುದು ಶುದ್ಧ ತಪ್ಪು. ಕಾಯಿಲೆ ಹದಕ್ಕೆ ಬಂದಾಗಲೇ ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ) ಮಾಡಿಸಿ. (ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು.)

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತರುವ ನೋವಿನ ಮಾತ್ರೆಗಳದ್ದೇ ಬೇರೆ ಕಥೆ. ಡೈಕ್ಲೊಫೆನಾಕ್, ಎಟೊರಿಕಾಕ್ಸಿಬ್ ಬಿಪಿ ಏರಿಸುತ್ತವೆ, ಹೃದಯಾಘಾತದ ಸಂಭವವನ್ನೂ ಹೆಚ್ಚಿಸುತ್ತವೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ನುಂಗಿದರೆ ಎರಡೇ ದಿನದಲ್ಲಿ ಹಗುರ ಎನಿಸುತ್ತದೆ. ಆಮೇಲೆ ಹಸಿವು, ಸಕ್ಕರೆ, ಬಿಪಿ, ಹೊಟ್ಟೆ ನಾಲ್ಕೂ ಏರುತ್ತವೆ, ಮಾಂಸಖಂಡ ಇಳಿಯುತ್ತದೆ. ತಿಂಗಳುಗಟ್ಟಲೆ ತಗೊಂಡವರು ತಟ್ಟನೆ ನಿಲ್ಲಿಸಲೂಬಾರದು, ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು.

ಊಟದಲ್ಲಿ ನಮ್ಮ ಕಡೆ ಕೊರತೆ ಪ್ರೋಟೀನಿನದು. 50 ಕೆಜಿ ತೂಕದವರಿಗೆ ದಿನಕ್ಕೆ 50–60 ಗ್ರಾಂ ಬೇಕು (ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳಿ). 100 ಗ್ರಾಂ ಹಿಟ್ಟಿನ ರಾಗಿ ಮುದ್ದೆಯಲ್ಲಿ ಸಿಗುವುದು ಸುಮಾರು 7 ಗ್ರಾಂ. ತಿಳಿಸಾರಿನಲ್ಲಿ ಮುದ್ದೆ ನುಂಗಿದರೆ ಲೆಕ್ಕ ತುಂಬದು. ಚಿತ್ರದುರ್ಗದ ಕಡೆ ಮಾಡುವ ಹುರಳಿಕಾಳು ಸಾರಿನಲ್ಲಿ ಕಾಳನ್ನೂ ಬಡಿಸಿಕೊಳ್ಳಿ, 50 ಗ್ರಾಂ ಒಣಕಾಳಿಗೆ 11 ಗ್ರಾಂ ಬಂತು. ಒಂದು ಮೊಟ್ಟೆಗೆ 6. ಚಳ್ಳಕೆರೆ ಶೇಂಗಾ ಒಂದು ಹಿಡಿ ಸಾಕು, ಎಣ್ಣೆ ಅದರಲ್ಲೇ ಇದೆ. ಬೆಣ್ಣೆ ದೋಸೆ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಒಂದು ದೊಡ್ಡ ಚಮಚ ಬೆಣ್ಣೆಗೆ 100 ಕ್ಯಾಲೊರಿ ಎಂಬುದು ನೆನಪಿದ್ದರೆ ತಿಂಗಳಿಗೊಂದು ದಿನ ಸಾಕೆನಿಸುತ್ತದೆ. ಮಂಡಕ್ಕಿ ಹಗುರ ನಿಜ, ಆದರೆ ಅದಕ್ಕೆ ಹಾಕಿರುವ ಉಪ್ಪು, ಜೊತೆಗಿನ ಮಿರ್ಚಿ ಹಗುರವಲ್ಲ. ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ ಒಳಗಿರಲಿ. ತೂಕ ಇಳಿಸಬೇಕಾದವರು ಉಪವಾಸ ಮಾಡಬೇಡಿ, ಮೊದಲು ಹೋಗುವುದು ಮಾಂಸಖಂಡ. ವಾರಕ್ಕೆ ಅರ್ಧ ಕೆಜಿ ಸಾಕು.

ಬೆಳಿಗ್ಗೆ ಐದಕ್ಕೆದ್ದು ಕುಂದವಾಡ ಕೆರೆ ಸುತ್ತುವುದು ಎಲ್ಲರಿಗೂ ಒಳ್ಳೆಯದಿರಬಹುದು. ಈ ಕಾಯಿಲೆಯಲ್ಲಿ ಎದ್ದ ಮೇಲೆ ಕೀಲು ಬಿಡಲು ಗಂಟೆ ಬೇಕಾಗುತ್ತದೆ, ಬಿಸಿನೀರಿನ ಸ್ನಾನ ಆದ ಮೇಲೆ ಅಥವಾ ಸಂಜೆ ಹೋಗಿ. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ಚಿತ್ರದುರ್ಗದ ಕೋಟೆಯ ಮೆಟ್ಟಿಲು ಬೇಡ, ಇಳಿಯುವಾಗ ಮಂಡಿಗೆ ಪೆಟ್ಟು. ನಡಿಗೆಯೊಂದರಿಂದ ಮಾಂಸಖಂಡ ಬರುವುದಿಲ್ಲ: ವಾರಕ್ಕೆರಡು ದಿನ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಎರಡು ಸುತ್ತು. ಡಂಬೆಲ್ ಹಿಡಿಯಲಾಗದವರು ಅರ್ಧ ಕೆಜಿ ಮರಳಿನ ಚೀಲವನ್ನು ಕಾಲಿಗೆ ಕಟ್ಟಿ ಎತ್ತಬಹುದು.

ಕೊನೆಗೆ ಎಡಭುಜದ ನೋವು. ಇವರಿಗೆ ಅದು ಹಳೇ ಪರಿಚಯ, ಅದಕ್ಕೇ ಮೋಸ ಹೋಗುತ್ತಾರೆ. ಕೀಲಿನ ನೋವು ಸಾಮಾನ್ಯವಾಗಿ ತೋಳೆತ್ತಿದರೆ ಹೆಚ್ಚುತ್ತದೆ. ತೋಳು ಆಡಿಸಿದರೂ ಬದಲಾಗದ, ಬೆವರು, ಉಬ್ಬಸ, ದವಡೆ ಸೆಳೆತ ಕೂಡಿದ ನೋವಾದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರದೆ 108ಕ್ಕೆ ಫೋನ್ ಮಾಡಿ ಇಸಿಜಿ ಮಾಡಿಸಿ. ಹೃದಯಾಘಾತ ಎದೆನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸವಾಗಿ ಬರುವುದೂ ಇದೆ. ಹೊರಡುವಾಗ ಮಾತ್ರೆಗಳ ಚೀಟಿ ಮರೆಯಬೇಡಿ, ಸ್ಟೀರಾಯ್ಡ್ ತಗೋತಿರುವುದು ಅಲ್ಲಿನ ಡಾಕ್ಟರಿಗೆ ಗೊತ್ತಾಗಬೇಕು.